ಹುಳ ಹಿಡಿಯುವ ಕೈ

ನನಗೆ ಲಕ್ವ ಹೊಡೆದಾಗ ನಮ್ಮನೆಯವರು ನಕ್ಕರು. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಯಾಕೆಂದರೆ ಆಮೇಲೆ ಆದದ್ದಕ್ಕೆಲ್ಲ ಆ ನಗುವೇ ಕಾರಣ ಅಂತ ಅವರು ಇವತ್ತಿಗೂ ನಂಬಿಕೊಂಡಿದ್ದಾರೆ.

ತಪ್ಪು ಅವರದ್ದಲ್ಲ. ನನಗೆ ಮೊದಲಿಂದಲೂ ಇನ್ನೊಬ್ಬರ ಹಾಗೆ ಮಾತಾಡಿ ತೋರಿಸುವ ಚಾಳಿ. ಮೂವತ್ತೊಂದು ವರ್ಷ ಅಂಗನವಾಡಿ ನಡೆಸಿದವಳು ನಾನು. ಮೂರು ವರ್ಷದ ಮಕ್ಕಳನ್ನು ಒಂದು ಕಡೆ ಕೂರಿಸಬೇಕಾದರೆ ಟೀಚರು ಕೋಳಿಯಾಗಬೇಕು, ಎಮ್ಮೆಯಾಗಬೇಕು, ಕೆಮ್ಮುವ ಅಜ್ಜನಾಗಬೇಕು. ನಿವೃತ್ತಿಯಾದರೂ ಚಾಳಿ ಬಿಡಲಿಲ್ಲ. ಆವತ್ತು ಆಷಾಢದ ಗಾಳಿ ಜೋರಾಗಿತ್ತು. ನಾವು ಗಂಡ ಹೆಂಡತಿ ಹುಳದ ಮನೆಯಲ್ಲಿ ರೇಷ್ಮೆ ಹುಳಕ್ಕೆ ಬೆಳಗಿನ ಸೊಪ್ಪು ಹಾಕುತ್ತಿದ್ದೆವು. "ಸುಣ್ಣದ ಡಬ್ಬ ಕೊಡಿ" ಅನ್ನಲು ಹೋದೆ. ಬಾಯಿಂದ ಬಂದದ್ದು ಬಾಯ್ತುಂಬ ಅನ್ನ ಇಟ್ಟುಕೊಂಡವರ ಥರದ ಸದ್ದು. ಯಾರನ್ನೋ ಅಣಕಿಸುತ್ತಿದ್ದಾಳೆ ಅಂದುಕೊಂಡು ಅವರು ನಕ್ಕರು. ನಾನೂ ನಗಲು ಹೋದೆ. ಬಾಯಿ ಒಂದು ಕಡೆ ಮಾತ್ರ ನಕ್ಕಿತಂತೆ. ಕೈಯಲ್ಲಿದ್ದ ಸೊಪ್ಪಿನ ಕಡ್ಡಿ ಬಿತ್ತು, ಅದರ ಹಿಂದೆಯೇ ನಾನೂ ಬಿದ್ದೆ.

ಹಾರೋಹಳ್ಳಿಯ ಫ್ಯಾಕ್ಟರಿಗೆ ಹೊರಟಿದ್ದ ಮಗ ಮಹೇಶ ಪಕ್ಕದ ಮನೆಯವರ ಕಾರು ತಂದ. ಕನಕಪುರ, ಅಲ್ಲಿಂದ ಬೆಂಗಳೂರು. ದಾರಿಯುದ್ದಕ್ಕೂ ನಮ್ಮನೆಯವರು ನನ್ನ ಬಲಗೈ ಹಿಡಿದುಕೊಂಡಿದ್ದರಂತೆ. ನನಗೆ ಗೊತ್ತಾಗಲಿಲ್ಲ. ಹಿಡಿದದ್ದು ಗೊತ್ತಾಗದ ಕೈ ಅದು, ಆಗಲೇ.

ಹತ್ತು ದಿನ ಆಸ್ಪತ್ರೆ. ಬೇಗ ಕರೆತಂದದ್ದು ಒಳ್ಳೆಯದಾಯಿತು ಅಂದರು ಡಾಕ್ಟರು. ಮನೆಗೆ ಬಂದ ಮೇಲೆ ಎಲ್ಲಕ್ಕಿಂತ ಮೊದಲು ಸರಿಹೋದದ್ದು ನನ್ನ ಮಾತು. ಅದು ಮೊದಲು ಬರದೆ ಇನ್ನೇನು ಬರುತ್ತೆ ಅಂದರು ನಮ್ಮನೆಯವರು. ಕಾಲು ಎಳೆಯುತ್ತಿತ್ತು, ಕೋಲು ಹಿಡಿದರೆ ಅಂಗಳದವರೆಗೆ ಬರುತ್ತಿತ್ತು. ಬಲಗೈ ಮಾತ್ರ ಬರಲಿಲ್ಲ. ಹೆಗಲಿಗೆ ಕಟ್ಟಿಕೊಂಡ ಚೀಲದ ಹಾಗೆ ಜೋತುಬಿದ್ದಿತ್ತು. ಬೆರಳು ಮಡಚಿದರೆ ಬಿಚ್ಚುತ್ತಿರಲಿಲ್ಲ.

ನೋಡಲು ಬಂದವರೆಲ್ಲ ಒಂದೊಂದು ಮದ್ದು ಹೇಳಿದರು. ಸೋಲೂರಿನ ನಮ್ಮ ಚಿಕ್ಕಮ್ಮ ಹೇಳಿ ಸುಮ್ಮನಾಗುವವಳಲ್ಲ. ಎರಡು ಬಸ್ಸು ಬದಲಾಯಿಸಿಕೊಂಡು, ಕುಕ್ಕೆಯಲ್ಲಿ ಎರಡು ಪಾರಿವಾಳ ಇಟ್ಟುಕೊಂಡೇ ಬಂದಳು. ಲಕ್ವಕ್ಕೆ ಪಾರಿವಾಳದ ರಕ್ತ ಬಿಸಿಯಾಗಿರುವಾಗಲೇ ಹಚ್ಚಬೇಕಂತೆ. ಎಂಬತ್ತು ವರ್ಷದ ಮುದುಕಿ ಅಷ್ಟು ದೂರದಿಂದ ಹೊತ್ತು ತಂದಿದ್ದಾಳೆ, ಬೇಡ ಅನ್ನಲು ನನಗೆ ಬಾಯಿ ಬರಲಿಲ್ಲ. ನಮ್ಮನೆಯವರು ಕುಕ್ಕೆ ಎತ್ತಿಕೊಂಡು ಹಿತ್ತಲಿಗೆ ಹೋದರು. ಬರಿಗೈಯಲ್ಲಿ ಬಂದು, ಹಾರೋದವು ಅಂದರು. ಚಿಕ್ಕಮ್ಮ ಅವರ ಕೈಲಾಗದತನವನ್ನು ಸಾಯಂಕಾಲದವರೆಗೂ ಬೈದಳು. ಆ ಪಾರಿವಾಳ ಎಲ್ಲಿಗೂ ಹೋಗಲಿಲ್ಲ, ನಮ್ಮ ಹುಳದ ಮನೆಯ ಶೀಟಿನ ಮೇಲೆಯೇ ಸಂಸಾರ ಹೂಡಿವೆ.

ಊಟವೇ ದೊಡ್ಡ ಕಷ್ಟ. ಅನ್ನವಾದರೆ ಎಡಗೈಯಲ್ಲಿ ಚಮಚ ಹಿಡಿದು ಹೇಗೋ ತಿನ್ನಬಹುದು. ಮುದ್ದೆಯನ್ನು ಚಮಚದಲ್ಲಿ ತಿಂದವರು ಯಾರಿದ್ದಾರೆ? ಎಡಗೈಯಲ್ಲಿ ಮುರಿಯಲು ಮನಸ್ಸು ಒಪ್ಪಲಿಲ್ಲ. ಸೊಸೆ ರೇಖಾ ನನ್ನ ತಟ್ಟೆಯ ಮುದ್ದೆಯನ್ನು ಮೊದಲೇ ಸಣ್ಣ ಸಣ್ಣ ಉಂಡೆ ಮಾಡಿ ಸಾರಿನಲ್ಲಿ ಬಿಟ್ಟು ತರುತ್ತಿದ್ದಳು. ಹೀಗೆ ಇಟ್ಟರೆ ಬೇಗ ಆರುತ್ತೆ ಅತ್ತೆ, ಅದಕ್ಕೆ, ಅನ್ನುತ್ತಿದ್ದಳು. ಆರಲಿ ಅಂತ ಅಲ್ಲ ಅನ್ನುವುದು ಇಬ್ಬರಿಗೂ ಗೊತ್ತಿತ್ತು.

ತಿಂಗಳೊಪ್ಪತ್ತಾದ ಮೇಲೆ ರಾಮನಗರದ ಆಸ್ಪತ್ರೆಗೆ, ಕೈಕಾಲಿಗೆ ವ್ಯಾಯಾಮ ಮಾಡಿಸುವ ವಿಭಾಗಕ್ಕೆ ಹೋಗಿ ಅಂದರು ಡಾಕ್ಟರು. ಹೋದೆವು. ಅಲ್ಲಿನ ಬೆಂಚಿನ ಮೇಲೆ ಕೂತವರೆಲ್ಲ ಅರ್ಧರ್ಧ ಜನ. ಮಾಗಡಿ ಕಡೆಯ ಒಬ್ಬ ಅಜ್ಜಿ ಸರಿದು ಜಾಗ ಕೊಟ್ಟು, ಯಾವೂರು ಅಂತ ವಿಚಾರಿಸುವ ಹಾಗೆಯೇ, "ನಿಂದ್ಯಾವ ಕಡೆದವ್ವ? ನಂದು ಎಡ" ಅಂದಳು. ಬಲ ಅಂದೆ. "ಹಂಗಾರೆ ಇಬ್ರೂ ಸೇರುದ್ರೆ ಒಂದು ಪೂರ್ತಿ ಹೆಂಗ್ಸು" ಅಂದು ಅರ್ಧ ಬಾಯಲ್ಲಿ ನಕ್ಕಳು. ನಾನು ಉಳಿದರ್ಧ ನಕ್ಕೆ. ಮನೆಯಿಂದ ಹೊತ್ತುಕೊಂಡು ಹೋಗಿದ್ದ ಹೆದರಿಕೆ ಆ ಬೆಂಚಿನ ಮೇಲೆಯೇ ಒಸಿ ಇಳಿಯಿತು.

ಒಳಗೆ ಇದ್ದವಳು ಆಯಿಷಾ. ಚನ್ನಪಟ್ಟಣದ ಹುಡುಗಿ, ನಗುಮುಖ, ಆದರೆ ಬೆರಳು ಹಿಡಿದು ಎಳೆಯುವಾಗ ಕನಿಕರ ಇಲ್ಲ. ವಾರಕ್ಕೆ ಮೂರು ಸಲ ಬರಬೇಕು ಅಂದಳು. ನಮ್ಮೂರಿಂದ ಆಟೋ, ಕನಕಪುರದಿಂದ ಬಸ್ಸು, ಕಾದು ಕೂರುವುದು, ಮತ್ತೆ ವಾಪಸ್ಸು, ಒಂದು ಸಲಕ್ಕೆ ಒಂದು ದಿನ ಪೂರ್ತಿ. ಹುಳ ಸಾಕುವ ಮನೆಯಲ್ಲಿ ವಾರಕ್ಕೆ ಮೂರು ದಿನ ಇಬ್ಬರು ಹೊರಗಿದ್ದರೆ ಆಯಿತು ಕತೆ. ನಮ್ಮ ಮುಖ ನೋಡಿ ಆಯಿಷಾ ಇನ್ನೊಂದು ದಾರಿ ಹೇಳಿದಳು. ಮನೆಯಲ್ಲಿಯೇ ವ್ಯಾಯಾಮ ಮಾಡಿಸುವ ಟ್ಯಾಬ್ ಇದೆ, ಆರು ತಿಂಗಳು ಕೊಡುತ್ತೇವೆ, ದುಡ್ಡು ಬೇಡ. ಅದರೊಳಗೆ ಒಬ್ಬಳು ಕಲಿಸುವವಳು ಇರುತ್ತಾಳೆ, ನಿಮ್ಮ ಕೈ ನೋಡಿ ತಿದ್ದುತ್ತಾಳೆ. ಲೆಕ್ಕವೆಲ್ಲ ನನಗೆ ಇಲ್ಲಿಗೆ ಬರುತ್ತೆ, ನಾನು ಆಗಾಗ ವಿಡಿಯೋದಲ್ಲಿ ಮಾತಾಡುತ್ತೇನೆ. ಒಂದೇ ಕರಾರು, ಹತ್ತು ದಿನ ಸತತ ಮುಟ್ಟದೆ ಇದ್ದರೆ ವಾಪಸ್ಸು ತರಬೇಕು, ಹಿಂದೆ ಕಾಯುವವರು ಬಹಳ ಇದ್ದಾರೆ. ಆ ಮಾಗಡಿ ಅಜ್ಜಿಯೂ ಕಾಯುವವರ ಪಟ್ಟಿಯಲ್ಲಿದ್ದಳು.

ಟ್ಯಾಬನ್ನು ನಡುಮನೆಯಲ್ಲಿ ಸ್ಟೂಲಿನ ಮೇಲೆ ಇಟ್ಟೆವು. ಒತ್ತಿದರೆ ತೆಳುನೀಲಿ ಸೀರೆಯ ಹೆಂಗಸು ಬರುತ್ತಿದ್ದಳು. ನಿಜದವಳಲ್ಲ, ಬರೆದ ಗೊಂಬೆ, ಒಂದು ಕೂದಲೂ ಕೆದರುವುದಿಲ್ಲ. "ನಮಸ್ಕಾರ ಜಯಲಕ್ಷ್ಮಮ್ಮನವರೇ. ಇಂದು ನಿಮ್ಮ ಭುಜವನ್ನು ನಿಧಾನವಾಗಿ ಮೇಲಕ್ಕೆತ್ತೋಣ." ರೇಡಿಯೋ ವಾರ್ತೆ ಓದುವವಳ ಥರ ಮಾತಾಡ್ತಾಳಲ್ಲ ಅತ್ತೆ ಅಂದಳು ರೇಖಾ. ನಾವು ಅವಳಿಗೆ ಗೊಂಬೆ ಮೇಡಂ ಅಂತ ಹೆಸರಿಟ್ಟೆವು. ಟ್ಯಾಬಿನ ಕ್ಯಾಮರಾಕ್ಕೆ ನನ್ನ ಮುಖ ಬೇಕಾಗಿರಲಿಲ್ಲ, ಹೆಗಲಿಂದ ಬೆರಳಿನವರೆಗೆ ಕಂಡರೆ ಸಾಕು. ಎಷ್ಟು ಎತ್ತಿದೆ, ಎಷ್ಟು ಸಲ ಎತ್ತಿದೆ ಎಲ್ಲ ಎಣಿಸುತ್ತಿದ್ದಳು. ಮುಗಿದರೆ ಹಸಿರು ಗುರುತು, ಮಾಡದಿದ್ದರೆ ಕೆಂಪು.

ಮೊದಮೊದಲು ನನಗೆ ಮೈಯೆಲ್ಲ ಉರಿಯುತ್ತಿತ್ತು. ಮೂವತ್ತೊಂದು ವರ್ಷ "ಕೈ ಮೇಲೆ, ಕೈ ಕೆಳಗೆ" ಅಂತ ಊರಿನ ಮಕ್ಕಳಿಗೆಲ್ಲ ಹೇಳಿಕೊಟ್ಟವಳು ನಾನು. ಈಗ ಒಂದು ಗೊಂಬೆ ನನಗೆ ಕೈ ಮೇಲೆ ಅನ್ನುತ್ತೆ, ಕೈ ಮೇಲೇಳುವುದಿಲ್ಲ. ಆದರೆ ಒಂದು ಮಾತು ಒಪ್ಪಬೇಕು. ಮನೆಗೆ ಬಂದವರೆಲ್ಲ ನನ್ನ ಕೈ ನೋಡಿ ಪಾಪ ಅನ್ನುತ್ತಿದ್ದರು, ಗೊಂಬೆ ಮೇಡಂ ಒಂದು ದಿನವೂ ಪಾಪ ಅನ್ನಲಿಲ್ಲ. "ಪರವಾಗಿಲ್ಲ, ಮತ್ತೊಮ್ಮೆ ಪ್ರಯತ್ನಿಸೋಣ" ಅನ್ನುತ್ತಿದ್ದಳು. ಇಪ್ಪತ್ತನೇ ಸಲವೂ ಅದೇ ದನಿ. ನಾನಾಗಿದ್ದರೆ ಹತ್ತನೇ ಸಲಕ್ಕೆ ಗದರಿರುತ್ತಿದ್ದೆ.

ನಮ್ಮನೆಯವರಿಗೆ ಟ್ಯಾಬಿನ ಮೇಲೆ ಒಂದೇ ಆಕ್ಷೇಪ, ಅದರ ಕಣ್ಣು. ನಮ್ಮ ಕಡೆ ಹುಳದ ಮನೆಗೆ ಹೊರಗಿನವರನ್ನು ಬಿಡುವುದಿಲ್ಲ. ಸೋಂಕು ಅನ್ನುವುದು ಓದಿದವರ ಮಾತು, ದೃಷ್ಟಿ ಅನ್ನುವುದು ಇವರ ಮಾತು. ಎರಡಕ್ಕೂ ಬಾಗಿಲು ಮುಚ್ಚಿಯೇ ಇರುತ್ತೆ. ಇವರ ಸ್ವಂತ ಅಕ್ಕನೇ ನಲವತ್ತು ವರ್ಷದಲ್ಲಿ ನಮ್ಮ ಹುಳ ನೋಡಿಲ್ಲ. ರೇಖಾ ಹೊಸದಾಗಿ ಬಂದಾಗ ಹುಳದ ಫೋಟೋ ತೆಗೆದು ತವರಿಗೆ ಕಳಿಸಿದಳು ಅಂತ ಒಂದು ವಾರ ಮುಖ ಊದಿಸಿಕೊಂಡಿದ್ದರು. ಈಗ ಬಿಸಿಲಿಗೆ ಅಂತ ಟ್ಯಾಬನ್ನು ಜಗಲಿಗೆ ತಂದರೂ ಸಾಕು, ಹೆಗಲ ಮೇಲಿನ ಟವೆಲ್ಲು ತೆಗೆದು ಅದರ ಮೇಲೆ ಹೊದಿಸುತ್ತಿದ್ದರು. ಅದು ಹುಳದ ಮನೆಯ ಕಡೆ ತಿರುಗಬಾರದು. ನಗಬೇಡ, ಅದಕ್ಕೂ ಕಣ್ಣೈತೆ, ಅನ್ನುತ್ತಿದ್ದರು.

ಗಣೇಶನ ಹಬ್ಬ ಕಳೆದ ಮೇಲೆ ಆ ಬೆಳೆಯ ಹುಳ ಹಣ್ಣಾದವು. ಇದನ್ನು ಒಸಿ ಬಿಡಿಸಿ ಹೇಳಬೇಕು. ರೇಷ್ಮೆ ಹುಳ ನಡುನಡುವೆ ನಾಲ್ಕು ಸಲ ಮೇವು ಬಿಟ್ಟು, ತಲೆ ಎತ್ತಿ, ಸುಮ್ಮನೆ ಕೂರುತ್ತೆ. ಪೊರೆ ಬಿಡಲಿಕ್ಕೆ. ನಾವು ಅದನ್ನು ಜ್ವರ ಅನ್ನುತ್ತೇವೆ. ನಾಲ್ಕು ಜ್ವರ ಎದ್ದು, ಒಂದು ವಾರ ಹಗಲೂ ಇರುಳೂ ತಿಂದು, ಕೊನೆಗೆ ಮೈ ತಿಳಿಯಾಗಿ ದ್ರಾಕ್ಷಿಯ ಬಣ್ಣಕ್ಕೆ ಬರುತ್ತೆ. ಅದೇ ಹಣ್ಣುಹುಳ. ಒಂದೊಂದನ್ನೇ ಆರಿಸಿ, ಗೂಡು ಕಟ್ಟಲು ಬಿದಿರಿನ ಚಂದ್ರಿಕೆಯ ಮೇಲೆ ಬಿಡಬೇಕು. ಬಿಗಿ ಹಿಡಿದರೆ ಸಾಯುತ್ತೆ, ಸಡಿಲ ಹಿಡಿದರೆ ಬೀಳುತ್ತೆ.

ಮದುವೆಯಾಗಿ ಬಂದ ವರ್ಷದಿಂದ ನಾವಿಬ್ಬರೂ ಎದುರುಬದುರು ಕೂತು ಹಣ್ಣು ಆರಿಸಿದವರು. ನಮ್ಮನೆಯವರು ಮಾತು ಕಮ್ಮಿ. ಕೈಗೆ ಹಣ್ಣುಹುಳ ಬಂದರೆ ಮಾತ್ರ ಅವರ ಬಾಯಿ ತೆರೆಯುತ್ತಿತ್ತು, ಕೈ ಕಡೆ ನೋಡಿಕೊಂಡೇ ಮಾತಾಡುವವರು. ನಾನು ಅಂಗನವಾಡಿ ಕೆಲಸಕ್ಕೆ ಸೇರಲಿ ಅಂತ ಒಪ್ಪಿದ್ದು, ಮಹೇಶನಿಗೆ ಹೆಣ್ಣು ಯಾರು ಅಂತ ತೀರ್ಮಾನಿಸಿದ್ದು, ಅವರಪ್ಪ ಹೋದಾಗ ಒಮ್ಮೆ ಅತ್ತದ್ದು, ಎಲ್ಲ ಅಲ್ಲಿಯೇ. ನನಗೆ ಕೈ ಬೇಕಾಗಿದ್ದದ್ದು ಮುದ್ದೆ ಮುರಿಯಲಿಕ್ಕೆ ಹೌದು, ಸೆರಗು ಸರಿ ಮಾಡಿಕೊಳ್ಳಲಿಕ್ಕೆ ಹೌದು. ಎಲ್ಲಕ್ಕಿಂತ ಹೆಚ್ಚಾಗಿ ಆ ಎದುರು ಜಾಗಕ್ಕೆ.

ಅದಕ್ಕೇ ಆವತ್ತು ಯಾರನ್ನೂ ಕೇಳದೆ ಕೋಲೂರಿಕೊಂಡು ಒಳಗೆ ಹೋಗಿ ನನ್ನ ಜಾಗದಲ್ಲಿ ಕೂತೆ. ರೇಖಾ ಇದ್ದಳು, ಕೂಲಿಗೆ ಬಂದ ಊರಿನ ಇಬ್ಬರು ಹೆಂಗಸರಿದ್ದರು. ಬಲಗೈಯನ್ನು ಎಡಗೈಯಲ್ಲಿ ಎತ್ತಿ ಹುಳದ ತಟ್ಟೆಯ ಮೇಲೆ ಇಟ್ಟೆ. ಒಂದು ಹುಳದ ಮೇಲೆ ಬೆರಳು ಮಡಚಿದೆ. ಮಡಚಿದ್ದು ಬಿಚ್ಚಲಿಲ್ಲ. ಬಿಡಿಸಲು ಹೋದಷ್ಟೂ ಬಿಗಿಯಾಯಿತು. ನನಗೇನೂ ಗೊತ್ತಾಗಲಿಲ್ಲ, ಅಂಗೈ ಒದ್ದೆಯಾದದ್ದು ಕಣ್ಣಿಗೆ ಕಂಡಿತು ಅಷ್ಟೆ. ನಮ್ಮನೆಯವರು ಬಗ್ಗಿ ನನ್ನ ಬೆರಳನ್ನು ಒಂದೊಂದಾಗಿ ಬಿಚ್ಚಿ ಟವೆಲ್ಲಿನಿಂದ ಒರೆಸಿದರು.

"ಬ್ಯಾಡ ಬುಡು ಟೀಚರಮ್ಮ" ಅಂದರು. "ಹುಳ ಸತ್ತೋಯ್ತವೆ."

ಗದರಿ ಹೇಳಲಿಲ್ಲ, ಮೆಲ್ಲಗೇ ಹೇಳಿದರು. ಗದರಿದ್ದರೆ ತಿರುಗಿ ಗದರಬಹುದಿತ್ತು. ಎದ್ದು ಬಂದುಬಿಟ್ಟೆ.

ಮಾರನೇ ಬೆಳಿಗ್ಗೆ ಟ್ಯಾಬನ್ನು ಗೋಡೆಯ ಕಡೆ ತಿರುಗಿಸಿಟ್ಟೆ. ಇನ್ನು ಮುಟ್ಟುವುದಿಲ್ಲ ಅಂದೆ. ರೇಖಾ ಬೇಡಿಕೊಂಡಳು, ಮಹೇಶ ಬೈದ. ನಾನು ಜಪ್ಪಯ್ಯ ಅನ್ನಲಿಲ್ಲ. ಕಾಫಿ ಕುಡಿದು ಜಗಲಿಯ ಬಿಸಿಲಿಗೆ ಹೋಗಿ ಕೂತರೆ ಊಟದ ಹೊತ್ತಿಗೇ ಒಳಗೆ ಬರುವುದು. ನಮ್ಮನೆಯವರು ಒಂದು ಮಾತೂ ಆಡಲಿಲ್ಲ. ರೇಖಾ ಹತ್ತಿರ ಹೇಳಿದ್ದು ಮಾತ್ರ ಕಿಟಕಿಯಿಂದ ಕೇಳಿಸಿತು. "ಜ್ವರಕ್ಕೆ ಕೂತವ್ಳೆ ಕಣವ್ವ. ಜ್ವರದಲ್ಲಿರೋ ಹುಳಕ್ಕೆ ಸೊಪ್ಪು ಹಾಕ್ಬಾರ್ದು. ತಾನಾಗೇ ಏಳ್ತಾಳೆ, ಸುಮ್ಕಿರು." ಆ ಮಾತು ಕೇಳಿ ಅಳು ಬಂತು, ಸಿಟ್ಟೂ ಬಂತು. ಆದರೂ ಏಳಲಿಲ್ಲ.

ಇಪ್ಪತ್ತು ದಿನ ಹೀಗೇ ಕಳೆಯಿತು. ಆ ದಿನಗಳಲ್ಲಿ ಎರಡು ಸಣ್ಣ ವಿಷಯ ನನ್ನ ಗಮನಕ್ಕೆ ಬಂದಿದ್ದವು. ಬೆಳಗಿನ ಚಳಿಗೆ ನಾನು ಹಾಕಿ, ಬಿಸಿಲಿಗೆ ಹೋಗುವಾಗ ಬಿಚ್ಚಿಡುವ ಕಂದು ಸ್ವೆಟರು ನೋವಿನ ಮುಲಾಮಿನ ವಾಸನೆ ಹೊಡೆಯುತ್ತಿತ್ತು. ಅದರ ತೋಳೂ ಅಗಲವಾಗಿತ್ತು. ಮುಲಾಮು ಹಚ್ಚುವುದು ನಮ್ಮನೆಯವರು, ಎಷ್ಟೋ ವರ್ಷದಿಂದ ಸೊಪ್ಪಿನ ಹೊರೆ ಹೊತ್ತು ಅವರ ಬಲಭುಜ ಹಿಡಿದುಕೊಂಡಿದೆ. ರೇಖಾ ಇಬ್ಬರ ಬಟ್ಟೆಯನ್ನೂ ಒಟ್ಟಿಗೆ ಮಡಚಿಟ್ಟಿರಬೇಕು ಅಂದುಕೊಂಡೆ.

ಇಪ್ಪತ್ತೊಂದನೇ ದಿನ ಆಯಿಷಾ ರೇಖಾಳ ಫೋನಿಗೆ ವಿಡಿಯೋ ಕರೆ ಮಾಡಿದಳು. ಬೈಯಲಿಕ್ಕೇ ಇರಬೇಕು ಅಂತ ಗಟ್ಟಿ ಮನಸ್ಸು ಮಾಡಿ ಕೂತೆ. ನೋಡಿದರೆ ಆ ಹುಡುಗಿಯ ಮುಖದಲ್ಲಿ ಹಬ್ಬ. ಮೊದಲು ಎಂಟು ದಿನ ಕೆಂಪು ಕಂಡು ಹೆದರಿದ್ದಳಂತೆ. ಆಮೇಲಿನ ಹನ್ನೆರಡು ದಿನದಲ್ಲಿ ನನ್ನ ಕೈ ಎರಡನೇ ಹಂತದಿಂದ ಐದನೇ ಹಂತಕ್ಕೆ ಏರಿದೆಯಂತೆ. ಅವಳ ಕೈಕೆಳಗೆ ಯಾರದ್ದೂ ಅಷ್ಟು ಬೇಗ ಏರಿಲ್ಲವಂತೆ, ಡಾಕ್ಟರಿಗೂ ತೋರಿಸಿದಳಂತೆ. ಎಲ್ಲಿ ಅಮ್ಮ, ಬಲಗೈ ತಲೆ ಮೇಲೆ ಎತ್ತಿ ತೋರಿಸಿ, ನಾನೂ ಕಣ್ಣಾರೆ ನೋಡುತ್ತೇನೆ ಅಂದಳು.

"ಯಾವ ಕೈ ತಾಯಿ?" ಅಂದೆ. "ನಾನು ಅದನ್ನ ಮುಟ್ಟಿ ಇಪ್ಪತ್ತು ದಿನ ಆಯ್ತು."

ಆಯಿಷಾಳ ನಗು ಹಾಗೇ ನಿಂತಿತು. ರೇಖಾ ತಲೆ ತಗ್ಗಿಸಿದಳು. ಬಾಗಿಲಲ್ಲಿ ಸೊಪ್ಪಿನ ಹೊರೆ ಇಳಿಸುತ್ತಿದ್ದ ನಮ್ಮನೆಯವರು ಒಳಗೆ ಬಂದು, ಫೋನಿನ ಎದುರು ನಿಂತು, ಶಾಲೆಯಲ್ಲಿ ಸಿಕ್ಕಿಬಿದ್ದವರ ಹಾಗೆ ಕೈ ಕಟ್ಟಿಕೊಂಡರು.

"ನನ್ ಕೈ ಕಣವ್ವ ಅದು" ಅಂದರು.

ನಾನು ಜಗಲಿಗೆ ಹೋದ ಮೇಲೆ, ನನ್ನ ಸ್ವೆಟರು ತೊಟ್ಟು, ಸದ್ದು ಕಮ್ಮಿ ಮಾಡಿ, ದಿನಾ ಅರ್ಧ ಗಂಟೆ ಗೊಂಬೆ ಮೇಡಂ ಎದುರು ಕೂತು ಇವರು ಕೈ ಎತ್ತಿ ಇಳಿಸಿದ್ದರು. ಟ್ಯಾಬು ಒತ್ತಿ ಕೊಟ್ಟದ್ದು ರೇಖಾ. "ಬಹಳ ಚೆನ್ನಾಗಿದೆ ಜಯಲಕ್ಷ್ಮಮ್ಮನವರೇ" ಅಂತ ಗೊಂಬೆ ಇವರಿಗೆ ಹನ್ನೆರಡು ದಿನ ಶಾಬಾಷ್‌ಗಿರಿ ಕೊಟ್ಟಿದ್ದಳು.

ಆಯಿಷಾಗೆ ಮೊದಲು ನಗು ತಡೆಯಲಾಗಲಿಲ್ಲ. ಆಮೇಲೆ ಮುಖ ಗಂಭೀರವಾಯಿತು. ಅಂಕಲ್, ನಾಳೆ ಅಮ್ಮ ನಿಜವಾಗಿ ಕೂತಿದ್ದರೆ ಟ್ಯಾಬು ಐದನೇ ಹಂತದಿಂದ ಶುರು ಮಾಡಿಸುತ್ತಿತ್ತು, ಸೋತ ಭುಜ ಜಾರಿ ಹೋಗುತ್ತಿತ್ತು ಅಂದಳು. ಇನ್ನೊಂದು ಮಾತನ್ನೂ ಹೇಳಿದಳು. ಇದೇ ಟ್ಯಾಬಿಗೆ ಕಾಯುತ್ತಿರುವವರಿದ್ದಾರೆ, ಆದದ್ದನ್ನು ಆದ ಹಾಗೇ ಬರೆಯುತ್ತೇನೆ, ಸುಳ್ಳು ಬರೆಯಲು ನನ್ನಿಂದ ಆಗದು. ನನಗೆ ಬೆಂಚಿನ ಮೇಲೆ ಜಾಗ ಕೊಟ್ಟ ಮಾಗಡಿ ಅಜ್ಜಿ ನೆನಪಾದಳು. ಟ್ಯಾಬನ್ನು ಗೋಡೆಗೆ ಮುಖ ಮಾಡಿಸಿ ಇಪ್ಪತ್ತು ದಿನ ಇಟ್ಟಿದ್ದೆನಲ್ಲ ಅಂತ ನಾಚಿಕೆಯಾಯಿತು. ಆರು ತಿಂಗಳು ಮುಗಿಯುವವರೆಗೆ ನಮ್ಮಲ್ಲೇ ಬಿಡಿ, ಈ ಸಲ ನಾನೇ ಮಾಡುತ್ತೇನೆ ಅಂತ ಕೇಳಿಕೊಂಡೆ. ವಿಚಾರಿಸಿ ಹೇಳುತ್ತೇನೆ ಅಂದಳು. ಎರಡು ದಿನ ಬಿಟ್ಟು, ಆಗಲಿ ಅಂತ ಫೋನು ಬಂತು.

ಅದಿರಲಿ. ಆವತ್ತು ಕರೆ ಮುಗಿದ ಮೇಲೆ ರೇಖಾ ಮೆಲ್ಲಗೆ ಹಿತ್ತಲಿಗೆ ಜಾರಿಕೊಂಡಳು. ನಾನು ಇವರನ್ನು ಜಗಲಿಗೆ ಕರೆದು ಕೂರಿಸಿ ಕೇಳಿದೆ, ಯಾಕೆ ಹೀಗೆ ಮಾಡಿದಿರಿ ಅಂತ. ಕೈಯಲ್ಲಿ ಹುಳ ಇರಲಿಲ್ಲ, ಮಾತು ಬರಲು ಬಹಳ ಹೊತ್ತಾಯಿತು. ಕೊನೆಗೆ ಟವೆಲ್ಲಿನ ಅಂಚು ನೋಡಿಕೊಂಡು ಮಾತಾಡಿದರು.

"ಅದು ಮನೇಲಿದ್ರೆ ಇವತ್ತಲ್ಲ ನಾಳೆ ನೀನು ಕೂತ್ಕತೀಯ ಅಂತ. ಎತ್ಕೊಂಡೋಗ್ಬುಟ್ರೆ ಏನ್ ಮಾಡನ?" ಆಮೇಲೆ, "ಮೊದ್ಲು ನಕ್ಬುಟ್ಟೆ. ಆಮೇಲೆ ಬ್ಯಾಡ ಅಂದ್ಬುಟ್ಟೆ. ಎರಡೂ ನಂದೇ. ಹುಳ ಹೋದ್ರೆ ಇನ್ನೊಂದು ಬೆಳೆ ಬತ್ತದೆ ಕಣೇ. ನೀನು ಎದುರ್ಗೆ ಕೂತ್ಕಳ್ದೆ ಹಣ್ಣು ಆರ್ಸಕ್ಕೆ ನಂಗೆ ಬರಾಕಿಲ್ಲ."

ನಲವತ್ತು ವರ್ಷದಲ್ಲಿ ಈ ಮನುಷ್ಯ ನನಗೆ ಹೇಳಿದ ಅತಿ ದೊಡ್ಡ ಮಾತು ಅದು. ಆಮೇಲೆ ಅವರೇ ಬಲಗೈಯನ್ನು ತಲೆಯ ಮೇಲಿನವರೆಗೆ ಸಲೀಸಾಗಿ ಎತ್ತಿ ತೋರಿಸಿ, ಭುಜದ ನೋವು ಮಾತ್ರ ಪೂರ್ತಿ ಹೋಯಿತು ಅಂದರು. ಲಕ್ವ ಹೊಡೆದ ಮೇಲೆ ಹೊಟ್ಟೆ ಹಿಡಿದುಕೊಂಡು ನಕ್ಕದ್ದು ಅವತ್ತೇ. ಬಾಯಿ ಎರಡೂ ಕಡೆ ನಕ್ಕಿತು ಅಂತ ಇವರು ಹೇಳುತ್ತಾರೆ, ನಾನು ನೋಡಿಕೊಳ್ಳಲಿಲ್ಲ.

ಮಾರನೇ ದಿನದಿಂದ ಕೂತೆ, ಎರಡನೇ ಹಂತದಿಂದಲೇ. ಜೊತೆಗೆ ಇವರೂ ಕೂರುತ್ತೇನೆ ಅಂದರು. ಪಕ್ಕದಲ್ಲಿ ಕೂತರೆ ಗೊಂಬೆ ಮೇಡಂಗೆ ನಾಲ್ಕು ಕೈ ಕಂಡು ಲೆಕ್ಕ ತಪ್ಪುತ್ತಿತ್ತು. "ದಯವಿಟ್ಟು ಒಬ್ಬರೇ ಕುಳಿತುಕೊಳ್ಳಿ" ಅನ್ನುತ್ತಿದ್ದಳು. ಅದಕ್ಕೆ ಟ್ಯಾಬಿನ ಹಿಂದೆ, ನನ್ನ ಎದುರಿಗೆ ಮಣೆ ಹಾಕಿಕೊಂಡು ಕೂತರು. ನಾನು ಎತ್ತಿದಾಗ ಅವರೂ ಎತ್ತುವರು. ನನ್ನ ಕೈ ಅರ್ಧಕ್ಕೆ ನಡುಗಿ ನಿಂತರೆ ಅವರ ಕೈಯೂ ಅರ್ಧಕ್ಕೇ ನಿಲ್ಲುತ್ತಿತ್ತು, ಮುಂದೆ ಹೋಗುತ್ತಿರಲಿಲ್ಲ.

ಒಳ್ಳೆಯ ದಿನಗಳೇ ಇದ್ದವು ಅಂತಲ್ಲ. ದೀಪಾವಳಿಯ ಹೊತ್ತಿಗೆ ಭುಜ ಎದ್ದಿತ್ತು, ಮೊಣಕೈ ಬಗ್ಗುತ್ತಿತ್ತು, ಬೆರಳು ಮಾತ್ರ ಹಟ ಬಿಡಲಿಲ್ಲ. ಆ ಬೆಳೆಯ ಹಣ್ಣು ಆರಿಸುವಾಗ ನಾನು ಹುಳದ ಮನೆಯ ಕಡೆ ತಲೆ ಹಾಕಲಿಲ್ಲ. ಆಯಿಷಾ ವಿಡಿಯೋದಲ್ಲಿ ಕೇಳಿದಳು, ನಿಮ್ಮ ಕೈ ಯಾವ ಕೆಲಸಕ್ಕೆ ಬೇಕು ಅಮ್ಮ ಅಂತ. ಗೊಂಬೆ ಮೇಡಂ ಹತ್ತಿರ ಇದ್ದ ಪಟ್ಟಿಯಲ್ಲಿ ಲೋಟ ಹಿಡಿಯುವುದಿತ್ತು, ಗುಂಡಿ ಹಾಕುವುದಿತ್ತು, ತಲೆ ಬಾಚುವುದಿತ್ತು. ಹುಳ ಹಿಡಿಯಬೇಕು ಅಂದೆ. ಎಷ್ಟು ಬಿಗಿ ಹಿಡಿಯಬೇಕು ಅಂತ ಕೇಳಿದಳು. ಬಿಗಿಯೂ ಅಲ್ಲ, ಸಡಿಲವೂ ಅಲ್ಲ ಅಂದೆ. ಅಂಥದ್ದು ಇನ್ನೇನಿದೆ ಮನೆಯಲ್ಲಿ ಅಂದಳು.

ಉತ್ತರ ರೇಖಾ ಕೊಟ್ಟಳು. ಅವರೆಕಾಯಿ ಕಾಲ ಶುರುವಾಗಿತ್ತು. ನೆನೆಸಿದ ಅವರೆಕಾಳನ್ನು ಹೆಬ್ಬೆರಳು ತೋರುಬೆರಳಿನ ನಡುವೆ ಹಿತಕಿದರೆ ಸಿಪ್ಪೆ ಕೈಯಲ್ಲಿ ಉಳಿದು ಬೇಳೆ ಚಿಮ್ಮುತ್ತೆ. ಜಾಸ್ತಿ ಒತ್ತಿದರೆ ಬೇಳೆ ಮುರಿಯುತ್ತೆ, ಕಮ್ಮಿ ಒತ್ತಿದರೆ ಹೊರಗೆ ಬರುವುದೇ ಇಲ್ಲ. ನಮ್ಮ ಕಡೆ ಹೆಂಗಸರೆಲ್ಲ ಸುತ್ತ ಕೂತು ಮಾತಾಡುತ್ತ ಮಾಡುವ ಕೆಲಸ. ಮೊದಲ ದಿನ ಒಂದು ಗಂಟೆಯಲ್ಲಿ ಏಳು ಕಾಳು ಹಿತಕಿದೆ, ಏಳೂ ಪುಡಿ. ಗೊಂಬೆ ಮೇಡಂಗೆ ಈ ಆಟ ಗೊತ್ತೇ ಇರಲಿಲ್ಲ, "ಕ್ಷಮಿಸಿ, ನಿಮ್ಮ ಚಲನೆ ಕಾಣಿಸುತ್ತಿಲ್ಲ" ಅನ್ನುತ್ತಿದ್ದಳು. ನಾನೇ ಅವಳಿಗೆ "ಪರವಾಗಿಲ್ಲ, ಮತ್ತೊಮ್ಮೆ ಪ್ರಯತ್ನಿಸೋಣ" ಅನ್ನುತ್ತಿದ್ದೆ. ದಿನಾ ಬೆಳಿಗ್ಗೆ ಅವಳ ಪಾಠ, ಮಧ್ಯಾಹ್ನ ಅವರೆಕಾಳು. ಒಂದು ತಿಂಗಳು ನಮ್ಮ ಮನೆಯಲ್ಲಿ ಹಿತಕಿದ ಬೇಳೆ ಸಾರು ಬಿಟ್ಟರೆ ಬೇರೆ ಸಾರಿಲ್ಲ. ಅವ್ವ, ನಿನ್ ಕೈ ವಾಸಿಯಾಗೋದ್ರೊಳಗೆ ನನ್ ಹೊಟ್ಟೆ ಕೆಡುತ್ತೆ ಅಂದ ಮಹೇಶ. ಬೇಳೆ ಪುಡಿಯಾಗುವುದು ದಿನದಿನಕ್ಕೆ ಕಮ್ಮಿಯಾಯಿತು. ಒಂದು ಮಧ್ಯಾಹ್ನ ಹೆಬ್ಬೆರಳಿಗೆ ಕಾಳಿನ ತಂಪು ತಾಗಿತು. ಎಷ್ಟೋ ತಿಂಗಳ ಮೇಲೆ ಆ ಬೆರಳಿಗೆ ಏನಾದರೂ ತಾಗಿದ್ದು. ಯಾರಿಗೂ ಹೇಳದೆ ಇನ್ನೊಂದು ಕಾಳು ತೆಗೆದುಕೊಂಡು, ಹಿತಕದೆ, ಸುಮ್ಮನೆ ಹಿಡಿದುಕೊಂಡು ಕೂತೆ.

ಸಂಕ್ರಾಂತಿ ಕಳೆದು ಎರಡು ವಾರಕ್ಕೆ ಮತ್ತೆ ಹುಳ ಹಣ್ಣಾದವು. ಟ್ಯಾಬು ವಾಪಸ್ಸು ಕೊಡಲು ಒಂದು ವಾರ ಉಳಿದಿತ್ತು. ನಾನು ಜಗಲಿಯಲ್ಲಿ ಕಾಫಿ ಲೋಟ ಹಿಡಿದು ಕೂತಿದ್ದೆ, ಬಲಗೈಯಲ್ಲೇ. ನಮ್ಮನೆಯವರು ಹುಳದ ಮನೆಯಿಂದ ಬಂದು ಎದುರು ನಿಂತರು.

"ಹಣ್ಣಾಗವೆ" ಅಂದರು. "ಬತ್ತೀಯಾ?"

ಈ ಸಲವೂ ಅಂಗೈ ಒದ್ದೆಯಾದರೆ ಮತ್ತೆ ಆ ಬಾಗಿಲು ದಾಟುವ ಧೈರ್ಯ ನನಗೆ ಬರುವುದಿಲ್ಲ ಅಂತ ಗೊತ್ತಿತ್ತು. ಬೇಡ ಅನ್ನೋಣ ಅನ್ನಿಸಿತು. ಅವರು ಅವಸರ ಮಾಡಲಿಲ್ಲ, ನಿಂತೇ ಇದ್ದರು. ಲೋಟ ಇಟ್ಟು ಎದ್ದೆ.

ಒಳಗೆ ರೇಖಾ ಒಬ್ಬಳೇ ಇದ್ದಳು. ಕೂಲಿಯವರನ್ನು ಇವರು ಊಟದ ಮೇಲೆ ಬರಹೇಳಿದ್ದರಂತೆ. ನನ್ನ ಜಾಗದಲ್ಲಿ ಮಣೆ ಹಾಕಿತ್ತು. ಕೂತೆ, ಅವರು ಎದುರಿಗೆ ಕೂತರು. ಬಲಗೈಯನ್ನು ಎಡಗೈ ಸಹಾಯ ಇಲ್ಲದೆ ಎತ್ತಿ ತಟ್ಟೆಯ ಮೇಲೆ ತಂದೆ. ಒಂದು ಹಣ್ಣುಹುಳ ತಲೆ ಎತ್ತಿ ಅತ್ತಿತ್ತ ಆಡಿಸುತ್ತಿತ್ತು. ಹೆಬ್ಬೆರಳು, ತೋರುಬೆರಳು. ತಣ್ಣಗೆ, ಮೆತ್ತಗೆ ಏನೋ ಬೆರಳಿನ ನಡುವೆ ಮಿಸುಕಿತು. ಎತ್ತಿದೆ. ಕೈ ನಡುಗಿತು, ಹುಳ ಬೀಳಲಿಲ್ಲ. ಚಂದ್ರಿಕೆಯ ಮೇಲೆ ಇಟ್ಟು ಬೆರಳು ಬಿಚ್ಚಿದೆ. ಬಿಚ್ಚಿಕೊಂಡವು. ಹುಳ ಒಂದು ಗಳಿಗೆ ಸುಮ್ಮನಿದ್ದು, ಆಮೇಲೆ ಮುಂದೆ ತೆವಳಿ, ಗೂಡಿಗೆ ಜಾಗ ಹುಡುಕತೊಡಗಿತು.

ಅವರು ಹತ್ತು ಆರಿಸಿದರೆ ನಾನು ಒಂದು. ಏಳನೆಯದೋ ಎಂಟನೆಯದೋ ಇಡುವಾಗ ಅವರು ಇದ್ದಕ್ಕಿದ್ದಂತೆ ಎದ್ದು ಹೊರಗೆ ಹೋದರು. ಅಳುತ್ತಿರಬೇಕು ಅಂದುಕೊಂಡೆ. ಬರುವಾಗ ಎರಡೂ ಕೈಯಲ್ಲಿ ಟ್ಯಾಬು ಹಿಡಿದುಕೊಂಡು ಬಂದರು. ಅದರ ಮೇಲೆ ಟವೆಲ್ಲು ಇರಲಿಲ್ಲ. ಸ್ವಂತ ಅಕ್ಕನಿಗೆ ತೆರೆಯದ ಬಾಗಿಲು ದಾಟಿಸಿ, ತಟ್ಟೆಯ ಹತ್ತಿರ ಕೂತು, ರೇಖಾಳ ಕಡೆ ತಿರುಗಿ, ಆಯಿಷಾಗೆ ಕರೆ ಮಾಡು ಅಂದರು. ಮಾವ, ಹುಳಕ್ಕೆ ದೃಷ್ಟಿ ಅಂದಳು ರೇಖಾ. ಆಗಲಿ ಬಿಡು, ಒಸಿ ಕೆಳಗೆ ಹಿಡಿ, ಕೈ ಕಾಣಲಿ ಅಂದರು.

ಆಯಿಷಾಳ ಮುಖ ಬಂತು. ಹಿಂದೆ ಆಸ್ಪತ್ರೆಯ ಗಲಾಟೆ. ನಾನು ಒಂದು ಹುಳ ಎತ್ತಿ, ಚಂದ್ರಿಕೆಗೆ ಬಿಟ್ಟೆ. ಅವಳು ಕಣ್ಣು ಹತ್ತಿರ ತಂದು ನೋಡಿದಳು. ನಮ್ಮನೆಯವರೇ ಮಾತಾಡಿದರು.

"ಸರಿಯಾಗಿ ನೋಡ್ಕೊ ಕಣವ್ವ. ಈ ಸಲ ಇದು ಅವಳ್ದೇ ಕೈ." ಅಷ್ಟಕ್ಕೂ ನಂಬಿಕೆ ಸಾಲದೇನೋ ಅಂತ, ತಮ್ಮ ಬಲಗೈಯನ್ನೂ ಎತ್ತಿ ತಂದು, ಕ್ಯಾಮರಾದ ಎದುರು, ನನ್ನ ಕೈಯ ಪಕ್ಕದಲ್ಲಿ ಹಿಡಿದರು. "ನಂದು ಇಲ್ಲೈತೆ."